ಮೊದಲೆರಡು ಪದ

ಫೆಬ್ರವರಿ ೪

ತಮ್ಮಾ,

ಬರೆಯಲು ಏನೂ ಇಲ್ಲ ಎಂದು ನಾಲ್ಕು ಪುಟ ಬರೆದಿದ್ದೀಯ. ಇಷ್ಟು ಚೆನ್ನಾಗಿ ಗೋಳಾಡುವವನಿಗೆ ಬೇರೆ ವಸ್ತು ಯಾಕೆ, ಅದನ್ನೇ ಮೂರು ಅಂಕ ಮಾಡು ಎಂದು ಉತ್ತರಿಸಲು ಕೂತೆ. ಆದರೆ ಈ ವಾರ ನನಗೆ ತಮಾಷೆ ಬರುತ್ತಿಲ್ಲ. ನನ್ನ ಹತ್ತಿರ ಒಂದು ವಿಷಯ ಇದೆ. ಅದು ನನ್ನದಲ್ಲ, ಹಾಗಾಗಿ ಕೈ ತೊಳೆದು ಮುಟ್ಟು.

ನಮ್ಮ ರಂಗಮಂದಿರದ ಬಟ್ಟೆ ಕೋಣೆಯಲ್ಲಿ ಹೊಲಿಗೆಯಮ್ಮ ಇದ್ದಾರೆ. ಹನ್ನೊಂದು ವರ್ಷದಿಂದ ಅವರೂ ನಾನೂ ಮಧ್ಯಾಹ್ನ ಒಂದೇ ಮೇಜಿನಲ್ಲಿ ಊಟ ಮಾಡುತ್ತೇವೆ. ಅವರು ಬಟ್ಟೆ ಬೀರುಗಳಿಗೆ ಎಂದೂ ಬೀಗ ಹಾಕುವುದಿಲ್ಲ. ವ್ಯವಸ್ಥಾಪಕರು ಎಷ್ಟು ಬೈದರೂ ಅಷ್ಟೆ. ಮರೆವು ಎಂದುಕೊಂಡಿದ್ದೆವು. ಕೂರುವುದೂ ಯಾವಾಗಲೂ ಬಾಗಿಲ ಪಕ್ಕ. ಗಾಳಿ ಬೇಕಿರಬಹುದು ಎಂದುಕೊಂಡಿದ್ದೆವು.

ಹೊಳೆಯ ಪಕ್ಕದ ಸಿದ್ಧ ಉಡುಪಿನ ಕಾರ್ಖಾನೆ ಸುಟ್ಟುಹೋದದ್ದು ನಿನಗೆ ನೆನಪಿರಬೇಕು. ಹದಿಮೂರು ವರ್ಷವಾಯಿತು. ಮೂರನೇ ಮಹಡಿಯಲ್ಲಿ ಹದಿನಾಲ್ಕು ಹೆಂಗಸರು ಹೋದರು. ಶಾಖಕ್ಕೆ ಬಾಗಿಲು ಉಬ್ಬಿ ಸಿಕ್ಕಿಕೊಂಡಿತು, ತಪ್ಪು ಯಾರದ್ದೂ ಅಲ್ಲ ಎಂದು ವರದಿ ಬಂತು. ಆ ಮಹಡಿಯ ಮೇಲ್ವಿಚಾರಕಿ ನಮ್ಮ ಹೊಲಿಗೆಯಮ್ಮ. ಅದು ಊರಿಗೆಲ್ಲ ಗೊತ್ತು. ಅದೃಷ್ಟವಂತೆ, ದಾರದ ಪೆಟ್ಟಿಗೆ ತರಲು ಕೆಳಗಿಳಿದಿದ್ದಳು, ಬದುಕಿದಳು ಎಂದೇ ಎಲ್ಲರ ಮಾತು.

ಕಳೆದ ಸೋಮವಾರ ಊಟ ಮಾಡುತ್ತಾ ಕೈ ನಿಲ್ಲಿಸಿ, ‘ಬಾಗಿಲು ಉಬ್ಬಿರ್ಲಿಲ್ಲ ಕಣ್ರೀ. ಹೊರಗಿನಿಂದ ಬೀಗ ಹಾಕಿತ್ತು. ಹಾಕಿದ್ದು ನಾನು’ ಅಂದರು.

ಆವತ್ತು ಬೆಳಿಗ್ಗೆ ಮಾಲೀಕರು ಫೋನ್ ಮಾಡಿದ್ದರಂತೆ. ಈ ಲಾಟಿನ ಹೊಲಿಗೆ ಮುಗಿಯೋವರೆಗೂ ಒಬ್ಬಳೂ ಕೆಳಗಿಳಿಯಬಾರದು, ಬೀಗ ಹಾಕು ಎಂದರಂತೆ. ಇವರು ಹಾಕಿದರು. ಕೆಳಗೆ ಹೋದಾಗ ಕೀಲಿ ಸೊಂಟದಲ್ಲೇ ಇತ್ತು. ತಿರುಗಿ ಹತ್ತುವಷ್ಟರಲ್ಲಿ ಮೆಟ್ಟಿಲು ಕಾಣದಷ್ಟು ಹೊಗೆ. ಎರಡನೇ ಮಹಡಿಯವರೆಗೆ ಹೋದೆ, ಅಲ್ಲಿಂದ ಮುಂದೆ ಕಾಲು ಬರಲಿಲ್ಲ ಅಂದರು. ಆಮೇಲೆ ಮಾಲೀಕರ ವಕೀಲ ಬಂದ. ‘ಬಾಗಿಲು ಉಬ್ಬಿತ್ತು ಅನ್ನೋ ಕಾಗದಕ್ಕೆ ಸಹಿ ಹಾಕಿದ್ರೆ ನೀನೂ ಉಳೀತೀಯ, ನಾವೂ ಉಳೀತೀವಿ’ ಅಂದ. ‘ಉಳ್ಕೊಂಡೆ’ ಎಂದು ಹೇಳಿ ಊಟದ ಡಬ್ಬಿ ಮುಚ್ಚಿದರು.

ನನ್ನ ತಮ್ಮ ನಾಟಕ ಬರೆಯುತ್ತಾನೆ, ಅವನಿಗೆ ಹೇಳಲಾ ಎಂದು ನಾನೇ ಕೇಳಿದೆ. ಎರಡು ದಿನ ತೆಗೆದುಕೊಂಡು ಉತ್ತರ ಕೊಟ್ಟರು. ಅವರ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ. ‘ಹೇಳಿದ್ರೆ ಎರಡೂ ಹೇಳ್ಬೇಕು. ಹಾಕಿದ್ದು ನಾನು ಅನ್ನೋದು, ಹಾಕು ಅಂದಿದ್ದು ಅವರು ಅನ್ನೋದು. ಅರ್ಧ ಹೇಳೋದಾದ್ರೆ ಬೇಡ. ಆ ಹದಿನಾಲ್ಕು ಮನೆಯವರ ಎದುರು ನಿಂತು ನಾನಾಗೇ ಬಾಯಿ ಬಿಡೋ ಧೈರ್ಯ ನಂಗಿಲ್ಲ. ನಾಟಕದಲ್ಲಿ ಆ ಮಾತು ಬರ್ಲಿ. ಮೂರನೇ ಸಾಲಲ್ಲಿ ಕೂತಿರ್ತೀನಿ. ಬಂದ ಮೇಲೆ ಎದ್ದು, ಅದು ನಾನೇ ಅಂತೀನಿ. ಅಷ್ಟಾದ್ರೆ ಸಾಕು.’

ಒಪ್ಪಿಗೆ ಇದ್ದರೆ ಬರೆ. ಇಲ್ಲದಿದ್ದರೆ ಈ ಕಾಗದ ಸುಟ್ಟುಬಿಡು, ನಾನೂ ಮರೆಯುತ್ತೇನೆ.

ನಿನ್ನ ಅಕ್ಕ

•

ಫೆಬ್ರವರಿ ೧೩

ಅಕ್ಕಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕೊನೆಗೆ ಜೇಬಿನಲ್ಲಿಟ್ಟುಕೊಂಡು ಸೇತುವೆಯ ಮೇಲೆ ಹೋಗಿ ನಿಂತೆ. ಹದಿನೈದು ವರ್ಷದಿಂದ ಗಂಡಹೆಂಡಿರ ಜಗಳ ಬರೆದು ಬರೆದು ಹೆಸರು ಮಾಡಿದೆ. ಇದನ್ನು ಬರೆಯದಿದ್ದರೆ ಬರೆದದ್ದೆಲ್ಲ ದಂಡ.

ಅವರಿಗೆ ಹೇಳು, ಎರಡೂ ಇರುತ್ತವೆ. ಹಾಕಿದ ಕೈಯೂ, ಹಾಕಿಸಿದ ಬಾಯಿಯೂ. ಬಾಯಿಲ್ಲದವರಿಗೆ ಬಾಯಿ ಆಗದಿದ್ದರೆ ಬರೆಯುವವನು ಯಾಕಿರಬೇಕು? ಇದನ್ನು ಭಾಷಣಕ್ಕಾಗಿ ಹೇಳುತ್ತಿಲ್ಲ. ನಾನು ಚಿಕ್ಕವನಿದ್ದಾಗ ನೀನು ನನ್ನನ್ನು, ನಟರಿಗೆ ಮಾತು ಹೇಳಿಕೊಡುವ ನಿನ್ನ ಪ್ರಾಂಪ್ಟರ್ ಪೆಟ್ಟಿಗೆಯಲ್ಲಿ ಕಾಲ ಬಳಿ ಕೂರಿಸಿಕೊಳ್ಳುತ್ತಿದ್ದೆಯಲ್ಲ, ಆಗಿನಿಂದಲೂ ನನಗೆ ನಾಟಕ ಎಂದರೆ ಯಾರೋ ಮರೆತದ್ದನ್ನು ಪಿಸುಗುಟ್ಟಿ ನೆನಪಿಸುವುದು. ಮಾತು ಕೊಟ್ಟಿದ್ದೇನೆ, ತಪ್ಪಿದರೆ ಕಿವಿ ಹಿಂಡು.

ಏಪ್ರಿಲ್ ಕೊನೆಗೆ ಪ್ರತಿ ಕಳಿಸುತ್ತೇನೆ. ನಿಮ್ಮ ರಂಗಮಂದಿರದಲ್ಲೇ ಮೊದಲ ಪ್ರಯೋಗ ಆಗಬೇಕು.

ತಮ್ಮ

•

ಮೇ ೨೦

ತಮ್ಮಾ,

ಪ್ರತಿ ಬಂದು ಮೂರು ವಾರವಾಯಿತು. ತಾಲೀಮು ಶುರುವಾಗಿದೆ. ಹೊಗಳಿದರೆ ನಿನ್ನ ತಲೆ ತಿರುಗುತ್ತದೆಂದು ಸುಮ್ಮನಿದ್ದೆ. ಈಗ ಹೇಳುತ್ತೇನೆ, ಚೆನ್ನಾಗಿದೆ. ತುಂಬಾ ಚೆನ್ನಾಗಿದೆ ಕಣೋ.

ಕೊನೆಯ ಮಾತನ್ನು ಬಟ್ಟೆ ಕೋಣೆಯಲ್ಲಿ ಹೊಲಿಗೆಯಮ್ಮನಿಗೆ ಓದಿ ಹೇಳಿದೆ. ‘ಬೀಗ ಹಾಕಿದ ಕೈ ನನ್ನದು. ಹಾಕು ಎಂದ ಬಾಯಿ ಯಾರದು, ಅದನ್ನೂ ಕೇಳಿ. ಬೆಳಿಗ್ಗೆ ಎಂಟೂವರೆಗೆ ಫೋನು ಬಂತು.’ ಅಲ್ಲಿಂದ ಫೋನಿನಲ್ಲಿ ಮಾಲೀಕರು ಆಡಿದ ಮಾತೆಲ್ಲ. ಕೇಳುತ್ತಾ ಅವರು ಒಂದು ಕೋಟಿಗೆ ಗುಂಡಿ ಹಾಕುತ್ತಿದ್ದರು. ನಾನು ಮುಗಿಸಿದ ಮೇಲೂ ಅದೇ ಗುಂಡಿಗೆ ದಾರ ಸುತ್ತುತ್ತಲೇ ಇದ್ದರು. ಆಮೇಲೆ ‘ಇನ್ನೊಂದ್ಸಲ ಓದ್ಬೇಡಿ. ಮುಂದಿನ ಸಲ ಅಲ್ಲೇ ಕೇಳ್ತೀನಿ’ ಅಂದರು. ತಾಲೀಮಿನ ಕಡೆ ತಲೆಯನ್ನೂ ಹಾಕುತ್ತಿಲ್ಲ.

ಮರುದಿನ ಬಟ್ಟೆಯಲ್ಲಿ ಸುತ್ತಿದ ಒಂದು ಕೀಲಿ ತಂದು ನನ್ನ ಕೈಗೆ ಕೊಟ್ಟರು. ಉದ್ದನೆಯದು, ಕಪ್ಪಗೆ, ಹಲ್ಲು ಸವೆದದ್ದು. ಆ ಬಾಗಿಲಿನದೇ. ಹದಿಮೂರು ವರ್ಷ ದಾರದ ಡಬ್ಬಿಯಲ್ಲಿತ್ತಂತೆ. ‘ನಾಟಕದಲ್ಲಿ ಇನ್ಯಾವ್ದೋ ಕೀಲಿ ಹಿಡಿಯೋದ್ಯಾಕೆ, ಇದೇ ಇರ್ಲಿ’ ಅಂದರು. ಈಗ ಅದು ರಂಗಸಾಮಾನಿನ ಮೇಜಿನ ಮೇಲಿದೆ.

ಮೇಲ್ವಿಚಾರಕಿಯ ಪಾತ್ರ ಮಾಡುವುದು ನಮ್ಮ ರಾಣಿಯಮ್ಮ. ಇಪ್ಪತ್ತು ವರ್ಷ ರಾಣಿಯ ವೇಷವನ್ನೇ ಹಾಕಿದ್ದಕ್ಕೆ ಆ ಹೆಸರು ಅಂಟಿಕೊಂಡಿದೆ. ನಾಟಕ ಪೂರ್ತಿ ಬಾಯಿಪಾಠ ಇದ್ದರೂ ಕೊನೆಯ ಮಾತಿನಲ್ಲಿ ಮೊದಲ ವಾಕ್ಯ ಆದ ಮೇಲೆ ನಿಂತುಬಿಡುತ್ತಾಳೆ, ನನ್ನ ಕಡೆ ತಿರುಗುತ್ತಾಳೆ. ಮುಂದಿನ ಎರಡು ಪದ ನಾನು ಕೊಡಬೇಕು. ಕೊಡದಿದ್ದರೆ ಹೊರಡುವುದಿಲ್ಲ. ಮರೆತು ಅಲ್ಲ, ಅವಳಿಗೆ ಅದೊಂದು ನಂಬಿಕೆ. ಯಾವ ನಾಟಕವಾದರೂ ಹೀಗೇ. ಎರಡು ಪದ ಕೊಟ್ಟರೆ ಉಳಿದದ್ದನ್ನು ಅವಳ ನಾಲಿಗೆ ತಾನಾಗಿ ಹೇಳಿಕೊಂಡು ಹೋಗುತ್ತದೆ. ಪ್ರೇಕ್ಷಕರು ಆ ಮೌನಕ್ಕೇ ಉಸಿರು ಹಿಡಿಯುತ್ತಾರೆ, ಅವಳಿಗೆ ಚಪ್ಪಾಳೆ, ನನಗೆ ಗಂಟಲು ನೋವು.

ನಿನ್ನ ಅಕ್ಕ

•

ಜುಲೈ ೨

ಅಕ್ಕಾ,

ಅವಸರದಲ್ಲಿದ್ದೇನೆ, ಉದ್ದ ಬರೆಯಲಾರೆ. ನಿಮ್ಮ ವ್ಯವಸ್ಥಾಪಕರು ರಾಜಧಾನಿಗೆ ಬಂದಿದ್ದರು, ಎರಡು ಸಲ ಭೇಟಿಯಾಯಿತು. ರಂಗಮಂದಿರಕ್ಕೆ ಹೊಸ ಛಾವಣಿ, ಹೊಸ ದೀಪಗಳು ಬರುತ್ತಿವೆಯಂತೆ, ಒಳ್ಳೆಯದು. ಈ ನಾಟಕವನ್ನು ಹೊರದೇಶಗಳಿಗೂ ಕಳಿಸುವ ಮಾತಿದೆ. ಇನ್ನೂ ಯಾರಿಗೂ ಹೇಳಬೇಡ.

ಪ್ರತಿಯಲ್ಲಿ ಕೆಲವು ಸಣ್ಣಪುಟ್ಟ ತಿದ್ದುಪಡಿ ಕಳಿಸುತ್ತೇನೆ. ಬಿಗಿ ಮಾಡಲು ಅಷ್ಟೆ. ಹೊಲಿಗೆಯಮ್ಮ ಹೇಗಿದ್ದಾರೆ?

ತಮ್ಮ

•

ಆಗಸ್ಟ್ ೧೧

ತಮ್ಮಾ,

ನಿನ್ನ ಸಣ್ಣಪುಟ್ಟದ್ದು ಇವತ್ತು ಬಂತು. ಅಚ್ಚು ಹಾಕಿದ ಒಂದೇ ಚೀಟಿ. ಕೊನೆಯ ಮಾತಿನ ಮೇಲೆ ಅಂಟಿಸಬೇಕಂತೆ. ವ್ಯವಸ್ಥಾಪಕರು ಗೋಂದಿನ ಬಾಟಲಿಯನ್ನೂ ಜೊತೆಗೇ ತಂದಿದ್ದರು.

‘ಬೀಗ ಹಾಕಿದ ಕೈ ನನ್ನದು. ಯಾರೂ ಹೇಳಿರಲಿಲ್ಲ. ನನ್ನ ಕೈಗೆ ನಾನೇ ಯಜಮಾನಿ.’

ಇದು ಏನು? ಯಾರನ್ನು ಕೇಳಿ ಬರೆದೆ? ಕೈ ಇಟ್ಟುಕೊಂಡು ಬಾಯಿ ಕತ್ತರಿಸಿದ್ದೀಯಲ್ಲ. ಎರಡನ್ನೂ ಬಿಟ್ಟು ನಾಟಕಕ್ಕೆ ಬೇರೆ ಕತೆ ಹೆಣೆದಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಆ ಹೆಂಗಸು ತಾನಾಗಿ ತಂದುಕೊಟ್ಟ ತಪ್ಪನ್ನು ಹಾಗೇ ಇಟ್ಟುಕೊಂಡು, ಅವರ ಪರವಾಗಿದ್ದ ಒಂದೇ ಒಂದು ಮಾತನ್ನು ತೆಗೆದಿದ್ದೀಯ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವುದನ್ನು ಗಾದೆ ಎಂದು ಕೇಳಿದ್ದೆ, ನನ್ನ ತಮ್ಮನೇ ಕೈಯಲ್ಲಿ ಕಬ್ಬಿಣ ಹಿಡಿದು ನಿಲ್ಲುತ್ತಾನೆಂದು ತಿಳಿದಿರಲಿಲ್ಲ.

ಹೊಸ ಛಾವಣಿ ಕೊಟ್ಟವರು ಯಾರೆಂದು ಇವತ್ತು ಕೇಳಿ ತಿಳಿದುಕೊಂಡೆ. ಆ ಮಾಲೀಕರ ಮಗ. ಈಗ ನಮ್ಮ ಸಮಿತಿಯ ಅಧ್ಯಕ್ಷ ಅವನೇ. ನೀನು ಇದನ್ನು ಜುಲೈಯಲ್ಲೇ ಬಲ್ಲೆ, ಅಲ್ಲವೇ?

ಚೀಟಿ ಅಂಟಿಸಿದ್ದೇನೆ. ದೀಪದ ಎದುರು ಹಿಡಿದರೆ ಕೆಳಗಿನ ಅಕ್ಷರ ಇನ್ನೂ ಕಾಣುತ್ತದೆ. ಮೊದಲ ಪ್ರಯೋಗ ಹತ್ತೊಂಬತ್ತಕ್ಕೆ. ಹದಿನಾಲ್ಕು ಮನೆಯವರಿಗೂ ಟಿಕೆಟ್ ಹೋಗಿದೆ, ಹೊಲಿಗೆಯಮ್ಮನೇ ಕೇಳಿ ಕೊಡಿಸಿದ್ದು. ಇನ್ನೂ ಎಂಟು ದಿನವಿದೆ. ಒಂದು ಸಾಲು ಬರೆದು ಕಳಿಸು, ಚೀಟಿ ಕಿತ್ತು ಬಿಸಾಕುತ್ತೇನೆ. ಅವರಿಗೆ ನಾನು ಇನ್ನೂ ಏನೂ ಹೇಳಿಲ್ಲ. ನೀನು ಸರಿ ಮಾಡುತ್ತೀಯ ಎಂದುಕೊಂಡಿದ್ದೇನೆ.

ಅಕ್ಕ

•

ಆಗಸ್ಟ್ ೧೪

ಅಕ್ಕಾ,

ಕೋಪ ಇಳಿದ ಮೇಲೆ ಓದು.

ಕಲೆ ಕೋರ್ಟು ಅಲ್ಲ. ಫೋನಿನ ಮಾತು ಇದ್ದರೆ ಅದು ದೂರು ಅರ್ಜಿ. ನೋಡುವವನು ಮಾಲೀಕನನ್ನು ಶಪಿಸಿ, ಹಗುರಾಗಿ ಮನೆಗೆ ಹೋಗಿ ಮಲಗುತ್ತಾನೆ. ಯಾರೂ ಹೇಳದೆಯೇ ಬೀಗ ಹಾಕುವ ಕೈ ನಮ್ಮೆಲ್ಲರಲ್ಲೂ ಇದೆ ಎಂದಾಗ ಅವನಿಗೆ ನಿದ್ದೆ ಬರುವುದಿಲ್ಲ. ಸಮಾಜದ ನಿದ್ದೆ ಕೆಡಿಸುವುದೇ ಬರಹಗಾರನ ಹೊಣೆ. ಇದನ್ನು ನಾನು ಹೃದಯದಿಂದ ನಂಬುತ್ತೇನೆ.

ಇನ್ನೊಂದನ್ನೂ ಮುಚ್ಚಿಡುವುದಿಲ್ಲ. ಆ ಮಾತು ಇದ್ದರೆ ಪರದೆಯೇ ಏಳುತ್ತಿರಲಿಲ್ಲ. ಹದಿಮೂರು ವರ್ಷ ಯಾರೂ ಎತ್ತದ ಆ ಹದಿನಾಲ್ಕು ಹೆಂಗಸರ ಸುದ್ದಿ ಎದ್ದಿರುವುದೇ ನನ್ನ ನಾಟಕದಿಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದಾಗ ಇಷ್ಟಾದರೂ ಆಯಿತಲ್ಲ ಎಂದು ಯಾಕೆ ನೋಡುವುದಿಲ್ಲ? ಹೊಲಿಗೆಯಮ್ಮನ ಹೆಸರು ನಾಟಕದಲ್ಲಿ ಎಲ್ಲೂ ಇಲ್ಲ. ಅವರಿಗೆ ನೀನೇ ನಿಧಾನವಾಗಿ ತಿಳಿಸಿ ಹೇಳು, ನಿನ್ನ ಮಾತು ಕೇಳುತ್ತಾರೆ.

ಬರೆಯುವುದು ನನ್ನ ಕೆಲಸ. ಬರೆದದ್ದನ್ನು ಹೇಳಿಕೊಡುವುದು ನಿನ್ನ ಕೆಲಸ. ಮೂವತ್ತೊಂದು ವರ್ಷದಲ್ಲಿ ಒಂದು ಪದವನ್ನೂ ನೀನು ನಿನ್ನದಾಗಿ ಸೇರಿಸಿಲ್ಲ ಎಂದು ಎಲ್ಲ ಕಡೆ ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಇಬ್ಬರೂ ನಮ್ಮ ನಮ್ಮ ಕೆಲಸ ಮಾಡೋಣ.

ತಮ್ಮ

•

ಆಗಸ್ಟ್ ೨೧

ತಮ್ಮಾ,

ನೀನು ಬರಲಿಲ್ಲ, ಆದರೂ ಪತ್ರಿಕೆಯವರು ನಿನಗೆ ತಿಳಿಸಿರುತ್ತಾರೆ, ಜನ ಎದ್ದು ನಿಂತು ಹತ್ತು ನಿಮಿಷ ಚಪ್ಪಾಳೆ ಹೊಡೆದರೆಂದು. ನಾನು ಪಕ್ಕದ ಪರದೆಯ ಸಂದಿನಿಂದ ಕಂಡದ್ದನ್ನು ಬರೆಯುತ್ತೇನೆ.

ಮೂರನೇ ಸಾಲಿನ ಕೊನೆಯ ಕುರ್ಚಿಯಲ್ಲಿ ಹೊಲಿಗೆಯಮ್ಮ ಕೂತಿದ್ದರು. ಬೂದು ಬಣ್ಣದ ಹೊಸ ಉಡುಪು, ತಾವೇ ಹೊಲಿದುಕೊಂಡದ್ದು. ಅವರ ಹಿಂದಿನ ಎರಡು ಸಾಲು ಪೂರ್ತಿ ಆ ಮನೆಗಳವರು. ರಾಣಿಯಮ್ಮ ಕೀಲಿ ಎತ್ತಿ ಹಿಡಿದು ‘ಬೀಗ ಹಾಕಿದ ಕೈ ನನ್ನದು’ ಎಂದಾಗ ಹೊಲಿಗೆಯಮ್ಮ ಮುಂದಿನ ಕುರ್ಚಿಯ ಬೆನ್ನನ್ನು ಕೈಯಲ್ಲಿ ಹಿಡಿದರು. ಏಳಲು ಸಿದ್ಧರಾಗಿದ್ದರು. ಅರ್ಧ ಎದ್ದಿದ್ದರು ಎಂದರೂ ಸುಳ್ಳಲ್ಲ.

ರಾಣಿಯಮ್ಮ ನನ್ನ ಕಡೆ ತಿರುಗಿದಳು. ಕಾಗದದಲ್ಲಿದ್ದದ್ದನ್ನು ಕೊಟ್ಟೆ. ‘ಯಾರೂ ಹೇಳಿರಲಿಲ್ಲ.’

ಹೊಲಿಗೆಯಮ್ಮನ ಕೈ ಆ ಕುರ್ಚಿಯಿಂದ ಜಾರಿತು. ಕೂತರು. ಹಿಂದಿನ ಸಾಲಿನಲ್ಲಿ ಒಬ್ಬ ತಾಯಿ ಬಗ್ಗಿ ಅವರ ಮುಖ ನೋಡಿದಳು. ಪಕ್ಕದವಳೂ ನೋಡಿದಳು. ಆಮೇಲೆ ಆ ಎರಡೂ ಸಾಲು ರಂಗದ ಕಡೆ ನೋಡಲೇ ಇಲ್ಲ.

ಎಂಟು ದಿನ ಅವರ ಎದುರು ಕೂತು ಊಟ ಮಾಡಿದೆ, ಹೇಳಲಿಲ್ಲ. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಎಂದುಕೊಂಡು ಹೋಗುತ್ತಿದ್ದೆ. ಅವರು ಆ ಬೂದು ಉಡುಪಿಗೆ ಕಾಲರು ಕೂರಿಸುತ್ತಾ ಇರುತ್ತಿದ್ದರು, ನಾನು ಡಬ್ಬಿ ಮುಚ್ಚಿ ಎದ್ದುಬರುತ್ತಿದ್ದೆ. ನೀನು ಮಾಡಿದ್ದು ದ್ರೋಹ. ನಾನು ಮಾಡಿದ್ದಕ್ಕೂ ಬೇರೆ ಹೆಸರಿಲ್ಲ. ಆದರೆ ನನ್ನದನ್ನು ನಾನು ಕಲೆ ಎಂದು ಕರೆಯುತ್ತಿಲ್ಲ.

ಅಕ್ಕ

•

ಸೆಪ್ಟೆಂಬರ್ ೧೦

ಅಕ್ಕಾ,

ಇಲ್ಲಿಯ ಪತ್ರಿಕೆಗಳ ವಿಮರ್ಶೆ ಕತ್ತರಿಸಿ ಕಳಿಸುತ್ತಿದ್ದೇನೆ. ‘ಅಪರಾಧದ ಒಂಟಿತನವನ್ನು ಇಷ್ಟು ನಿರ್ದಯವಾಗಿ ಯಾರೂ ತೋರಿಸಿರಲಿಲ್ಲ’ ಎಂದು ಒಬ್ಬರು ಬರೆದಿದ್ದಾರೆ. ಪ್ರಯೋಗಗಳು ನವೆಂಬರ್‌ವರೆಗೆ ಮುಂದುವರಿಯುತ್ತವೆ. ಆ ತಿಂಗಳು ಅಕಾಡೆಮಿಯವರು ನೋಡಲು ಬರುತ್ತಾರೆ. ಅವರು ಒಪ್ಪಿದರೆ ಹೊರದೇಶದ ಪ್ರವಾಸ ಖಚಿತ.

ಹೊಲಿಗೆಯಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಅವರಿಲ್ಲದೆ ಈ ನಾಟಕವಿಲ್ಲ.

ತಮ್ಮ

•

ಅಕ್ಟೋಬರ್ ೬

ತಮ್ಮಾ,

ನಿನ್ನ ನಮಸ್ಕಾರ ನನ್ನ ಹತ್ತಿರವೇ ಉಳಿದಿದೆ. ತಿಳಿಸಲು ಅವರು ಊರಿನಲ್ಲಿಲ್ಲ.

ಮೊದಲ ಪ್ರಯೋಗದ ಮರುವಾರದಿಂದಲೇ ಅಂಗಡಿಯವರು ಅವರೊಡನೆ ಮಾತು ಬಿಟ್ಟರು. ಬಾಗಿಲು ಉಬ್ಬಿತ್ತು ಎಂದು ಹದಿಮೂರು ವರ್ಷ ನಂಬಿದ್ದವರಿಗೆ ನಿನ್ನ ನಾಟಕ ಬೀಗ ತೋರಿಸಿತು, ಬೀಗದ ಜೊತೆಗೆ ಒಬ್ಬಳನ್ನೇ ತೋರಿಸಿತು. ಹೆಸರಿಲ್ಲ ಎಂದೆಯಲ್ಲ, ಹೆಸರು ಯಾಕೆ ಬೇಕು? ಆ ಮಹಡಿಗೆ ಇದ್ದದ್ದು ಒಬ್ಬಳೇ ಮೇಲ್ವಿಚಾರಕಿ. ಬಟ್ಟೆ ಕೋಣೆಯಲ್ಲಿ ಅವರು ಹೊಲಿದ ಉಡುಪನ್ನು ಹಾಕಲಾರೆ ಎಂದು ಇಬ್ಬರು ನಟಿಯರು ಹಟ ಹಿಡಿದರು. ವ್ಯವಸ್ಥಾಪಕರು ಅವರನ್ನು ಕರೆದು ಸ್ವಲ್ಪ ದಿನ ಮನೆಯಲ್ಲಿರಿ ಎಂದರು. ಒಬ್ಬ ಮುದುಕ, ಹೋದವಳೊಬ್ಬಳ ತಂದೆ, ದಿನಾ ಬಂದು ಅವರ ಮನೆಯ ಎದುರಿನ ಗೋಡೆಗೆ ಒರಗಿ ನಿಲ್ಲುತ್ತಿದ್ದ. ಬೈಯುತ್ತಿರಲಿಲ್ಲ, ನಿಲ್ಲುತ್ತಿದ್ದ ಅಷ್ಟೆ.

ನಾನು ಹೋದೆ. ಫೋನು ಮಾಡಿದವರ ವಿಷಯ ನಾವೇ ಹೇಳೋಣ, ನಾನೂ ಜೊತೆಗೆ ನಿಲ್ಲುತ್ತೇನೆ ಎಂದೆ. ‘ಈಗ ಹೇಳಿದ್ರೆ ಯಾರ್ರೀ ನಂಬ್ತಾರೆ? ಸಿಕ್ಕಿಬಿದ್ದ ಮೇಲೆ ಇನ್ನೊಬ್ಬರ ಮೇಲೆ ಹಾಕ್ತಾಳೆ ಅಂತಾರೆ. ನಾಟಕದಲ್ಲೇ ಹೇಳಿದಾರಲ್ಲ, ಯಾರೂ ಹೇಳಿರ್ಲಿಲ್ಲ ಅಂತ’ ಅಂದರು. ಸಿಟ್ಟಿನಿಂದ ಅಂದಿದ್ದರೆ ನನಗೆ ಸುಲಭವಾಗುತ್ತಿತ್ತು.

ಹೋದ ಮಂಗಳವಾರ ಬೆಳಿಗ್ಗೆ ಯಾರೋ ಅವರ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ ಜಡಿದು ಹೋಗಿದ್ದರು. ಪಕ್ಕದ ಮನೆಯವರು ನೋಡಿ ಕತ್ತರಿಸಿ ತೆಗೆಯುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆಯಾಗಿತ್ತು. ಅವರು ಒಳಗೆ ಕುರ್ಚಿಯ ಮೇಲೆ ಕೂತಿದ್ದರಂತೆ. ಕೂಗಲೂ ಇಲ್ಲ, ತಟ್ಟಲೂ ಇಲ್ಲವಂತೆ. ಅವತ್ತೇ ಸಂಜೆಯ ರೈಲಿಗೆ ತಂಗಿಯ ಊರಿಗೆ ಹೋದರು. ನಿಲ್ದಾಣದಲ್ಲಿ ಕೀಲಿಯ ಮಾತು ತೆಗೆದೆ, ತಂದುಕೊಡಲಾ ಎಂದೆ. ‘ನಾಟಕ ನಡೀತಾ ಇದೆಯಲ್ಲ, ಇರ್ಲಿ’ ಅಂದರು.

ವಾರಕ್ಕೆ ನಾಲ್ಕು ದಿನ ನಾನು ‘ಯಾರೂ ಹೇಳಿರಲಿಲ್ಲ’ ಎಂದು ಪಿಸುಗುಟ್ಟುತ್ತೇನೆ. ಮನೆಗೆ ಬಂದ ಮೇಲೂ ಬಾಯಿಯಲ್ಲಿ ಅದೇ ಇರುತ್ತದೆ.

ಅಕ್ಕ

•

ನವೆಂಬರ್ ೧೮

ಅಕ್ಕಾ,

ಏನು ಮಾಡಿಬಿಟ್ಟೆ?

ಅಕಾಡೆಮಿಯ ಐವರೂ ಎದುರಿಗಿದ್ದಾರೆ, ಅಧ್ಯಕ್ಷರು ಹೆಂಡತಿ ಮಕ್ಕಳೊಂದಿಗೆ ಕೂತಿದ್ದಾರೆ, ಅವತ್ತೇ ನಿನಗೆ ಹಳೆಯ ಮಾತು ನೆನಪಾಯಿತೇ? ನಾನು ಹಿಂದಿನ ಬಾಗಿಲ ಬಳಿ ನಿಂತಿದ್ದೆ. ರಾಣಿಯಮ್ಮ ‘ಹಾಕು ಎಂದ ಬಾಯಿ ಯಾರದು’ ಎಂದಾಗ ನನ್ನ ಕಾಲ ಕೆಳಗಿನ ನೆಲವೇ ಹೋಯಿತು. ಫೋನು, ಎಂಟೂವರೆ, ಲಾಟು, ಎಲ್ಲವನ್ನೂ ಒಂದು ಅಕ್ಷರ ಬಿಡದೆ ಹೇಳಿದಳು. ಆಮೇಲೆ ಒಬ್ಬ ಮುದುಕ, ನೀನು ಬರೆದಿದ್ದವನೇ ಇರಬೇಕು, ಎದ್ದು ‘ಫೋನ್ ಮಾಡಿದ್ದು ಯಾರು?’ ಎಂದು ಕೇಳಿದ. ಎರಡು ಸಲ ಕೇಳಿದ. ಅಧ್ಯಕ್ಷರು ಮಕ್ಕಳನ್ನು ಎಬ್ಬಿಸಿಕೊಂಡು ಹೊರಗೆ ಹೋದರು.

ನಾಟಕ ನಿಂತಿದೆ. ಪ್ರವಾಸ ನಿಲ್ಲುವುದರಲ್ಲಿದೆ. ನಿನ್ನನ್ನು ಕೆಲಸದಿಂದ ತೆಗೆದ ವಿಷಯ ವ್ಯವಸ್ಥಾಪಕರು ತಿಳಿಸಿದರು, ಅದಕ್ಕೆ ನಾನು ಕಾರಣನಲ್ಲ. ನೀನು ನನ್ನ ಬೆನ್ನಿಗೆ ಚೂರಿ ಹಾಕಿದೆ. ಪ್ರಾಂಪ್ಟರ್ ತನ್ನ ಮಾತನ್ನು ನಟರ ಬಾಯಿಗೆ ತುರುಕಿದರೆ ಅವಳನ್ನು ಏನೆಂದು ಕರೆಯಬೇಕು?

ಈಗಲೂ ಒಂದು ದಾರಿ ಇದೆ. ಜೊತೆಗಿರುವ ಕಾಗದಕ್ಕೆ ಸಹಿ ಹಾಕು. ವಯಸ್ಸಾಗಿ ಕಣ್ಣು ಮಂಜಾಗಿದೆ, ಚೀಟಿಯ ಗೋಂದು ಬಿಟ್ಟು ಕೆಳಗಿನ ಹಳೆಯ ಸಾಲು ಕಂಡಿತು, ತಪ್ಪಿ ಓದಿದೆ ಎಂದು ಅದರಲ್ಲಿದೆ. ಇಷ್ಟಾದರೆ ಅಧ್ಯಕ್ಷರು ಸಮಾಧಾನವಾಗುತ್ತಾರೆ. ತೆಗೆದದ್ದನ್ನು ರದ್ದು ಮಾಡಿಸಿದರೆ ನಿನ್ನ ಕೆಲಸವೂ ಉಳಿಯಬಹುದು. ಎತ್ತಿ ಆಡಿಸಿದವಳು ನೀನು. ನನ್ನನ್ನು ಹೀಗೆ ಬೀದಿಯಲ್ಲಿ ಬಿಡಬೇಡ.

ತಮ್ಮ

•

ನವೆಂಬರ್ ೨೫

ತಮ್ಮಾ,

ನಿನ್ನ ಕಾಗದವನ್ನು ಕನ್ನಡಕವಿಲ್ಲದೆ ಓದಿದೆ. ಕಣ್ಣಿಗೆ ಏನೂ ಆಗಿಲ್ಲ. ಗೋಂದೂ ಚೆನ್ನಾಗಿದೆ, ಅಂಟಿಸಿದ್ದು ನಾನೇ ಅಲ್ಲವೇ.

ಸಹಿ ಹಾಕುವುದಿಲ್ಲ. ಉಳಿಯಲು ಬರೆದುಕೊಡುವ ಇಂಥ ಕಾಗದ ಈ ಊರಿನಲ್ಲಿ ಹಿಂದೆಯೂ ಒಂದಾಗಿತ್ತು. ಅದರ ಗತಿ ಏನಾಯಿತೆಂದು ನೀನೇ ಮೂರು ಅಂಕ ಬರೆದಿದ್ದೀಯ.

ಮೊದಲೇ ಯೋಚಿಸಿ ಮಾಡಿದ್ದಲ್ಲ ಎಂದು ಹೇಳಿದರೆ ನಂಬು, ಬಿಡು. ಅವತ್ತೂ ಚೀಟಿ ನೋಡಿಕೊಂಡೇ ನಿಂತಿದ್ದೆ. ರಾಣಿಯಮ್ಮ ಕೀಲಿ ಎತ್ತಿದಳು, ತಿರುಗಿದಳು. ಎರಡೇ ಪದ ಕೊಟ್ಟೆ, ‘ಹಾಕು ಎಂದ’. ಅವಳ ಕಣ್ಣು ಒಂದು ಕ್ಷಣ ಅಗಲವಾಯಿತು. ಆದರೆ ಮೂರು ತಿಂಗಳು ತಾಲೀಮು ಮಾಡಿದ ನಾಲಿಗೆ, ದಾರಿ ಗೊತ್ತಿತ್ತು, ಹೋಯಿತು. ಆಮೇಲೆ ಬಣ್ಣದ ಕೋಣೆಯಲ್ಲಿ ನನ್ನ ತೋಳು ಹಿಡಿದು ಜಗಳಕ್ಕೇ ಬಂದಳು. ‘ಏನ್ ಮಾಡ್ಬಿಟ್ಟೆ ನೀನು? ಇಬ್ಬರಿಗೂ ಇನ್ನು ಕೆಲಸ ಇಲ್ಲ’ ಅಂದಳು. ಆಮೇಲೆ ಮುಖದ ಬಣ್ಣ ಒರೆಸಿಕೊಳ್ಳುತ್ತಾ, ‘ಇಷ್ಟು ದಿನ ಆ ಜಾಗಕ್ಕೆ ಬಂದಾಗೆಲ್ಲ ಗಂಟಲಲ್ಲಿ ಮುಳ್ಳು ಸಿಕ್ಕಿದ ಹಾಗಾಗ್ತಿತ್ತು’ ಅಂದಳು.

ನನ್ನ ಮಾತನ್ನು ಅವಳ ಬಾಯಿಗೆ ತುರುಕಿದೆ ಎಂದು ಬರೆದಿದ್ದೀಯ. ಮೂವತ್ತೊಂದು ವರ್ಷದಲ್ಲಿ ನಾನು ಯಾರಿಗೂ ನನ್ನ ಮಾತು ಕೊಟ್ಟಿಲ್ಲ. ಅವತ್ತೂ ಕೊಡಲಿಲ್ಲ. ಅದು ನಿನ್ನ ಮಾತು. ನೀನು ಸೇತುವೆಯ ಮೇಲೆ ನಿಂತು ಬಂದು ಬರೆದ ಮಾತು. ಬರೆದವನು ಮರೆತಿದ್ದ, ನೆನಪಿಸಿದೆ. ನನ್ನ ಕೆಲಸ ಅದೇ.

ಇಷ್ಟು ಬರೆದು ಗೆದ್ದೆ ಎಂದು ಕಾಗದ ಮುಗಿಸಬಹುದಿತ್ತು. ಗೆದ್ದಿಲ್ಲ. ಆ ಮಾತು ಸಭೆಯ ಮೇಲೆ ಹೋದಾಗ ನಾನು ಸಂದಿನಿಂದ ಮೂರನೇ ಸಾಲು ನೋಡಿದೆ. ಕೊನೆಯ ಕುರ್ಚಿಯಲ್ಲಿ ಯಾರೋ ಒಬ್ಬರು ಕನ್ನಡಕ ತೆಗೆದು ಒರೆಸುತ್ತಿದ್ದರು. ಕೇಳಬೇಕಾದವರು ಬಂದು ಕೂತಿದ್ದ ದಿನ ನಾನು ಕೊಟ್ಟದ್ದು ಬೇರೆ.

ಹೊಲಿಗೆಯಮ್ಮನ ತಂಗಿಯ ವಿಳಾಸ ಸಿಕ್ಕಿತು. ನಡೆದದ್ದೆಲ್ಲ ಬರೆದಿದ್ದೇನೆ. ಕೆಲಸ ಬಿಟ್ಟು ಬರುವಾಗ ರಂಗಸಾಮಾನಿನ ಮೇಜಿನಿಂದ ನಾನು ಎತ್ತಿಕೊಂಡು ಬಂದದ್ದು ಕೀಲಿ ಒಂದನ್ನೇ. ಕಳಿಸಲೇ ಎಂದು ಕೇಳಿದ್ದೇನೆ. ನಿನ್ನ ಕಾಗದಗಳಿಗೆ ಇನ್ನು ಉತ್ತರ ಬರೆಯುವುದಿಲ್ಲ. ಬರೆದರೆ ಏನು ಬರೆಯುತ್ತೇನೋ ಎಂದು ನನಗೇ ಭಯ.

ಅಕ್ಕ

•

ಡಿಸೆಂಬರ್ ೧೫

ಅಮ್ಮಾ ಅವರಿಗೆ,

ನಿಮ್ಮ ಕಾಗದ ಬಂದು ಹತ್ತು ದಿನ ಆಯಿತು. ನನಗೆ ಬರೆದು ಅಭ್ಯಾಸ ಇಲ್ಲ, ಅಕ್ಷರ ಸೊಟ್ಟ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ತಂಗಿಯ ಮನೆಯಲ್ಲಿ ಆರಾಮಾಗಿದ್ದೇನೆ. ಅಕ್ಕಪಕ್ಕದವರ ಬಟ್ಟೆ ಹೊಲಿದುಕೊಡುತ್ತೇನೆ.

ಆ ಮಾತು ಹೇಳಿಸಿದಿರಿ ಎಂದು ತಿಳ್ಕೊಂಡೆ. ಆ ಮುದುಕಪ್ಪ ಎದ್ದು ಕೇಳಿದರು ಎನ್ನುವುದನ್ನು ತಂಗಿಯ ಕೈಲಿ ಎರಡು ಸಲ ಓದಿಸಿದೆ. ಅವರ ಮಗಳು ನನ್ನ ಬಲಗಡೆಯ ಎರಡನೇ ಮಿಷನ್ನಿನಲ್ಲಿ ಕೂರುತ್ತಿದ್ದಳು. ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ಕೆಲಸ ಹೋಯಿತಲ್ಲ ಎಂದು ಸಂಕಟ ಆಯಿತು.

ನನ್ನನ್ನು ಕ್ಷಮಿಸಿ ಎಂದು ಕಾಗದದಲ್ಲಿ ನಾಲ್ಕು ಕಡೆ ಬರೆದಿದ್ದೀರಿ. ಹಾಗೆ ಬರೆಯಬೇಡಿ. ಸುಳ್ಳು ಯಾಕೆ ಹೇಳಲಿ, ಆವತ್ತು, ಮೊದಲನೇ ಪ್ರಯೋಗದ ದಿನ, ನಾನು ಬಂದು ಕೂತಿದ್ದೆನಲ್ಲ. ಮೂರನೇ ಸಾಲಿನಿಂದ ನೀವು ನಿಂತಿದ್ದ ಜಾಗ ಕಾಣುತ್ತದೆ. ನಿಮ್ಮ ತುಟಿ ಅಲ್ಲಾಡಿದ್ದನ್ನು ನೋಡಿದೆ, ಆಮೇಲೆ ‘ಯಾರೂ ಹೇಳಿರಲಿಲ್ಲ’ ಎನ್ನುವ ಮಾತು ಕೇಳಿದೆ. ಯಾರೋ ಬರೆದಿದ್ದರು, ಹೇಳು ಎಂದಿದ್ದರು, ಹೇಳಿದಿರಿ. ಅದು ಹೇಗಿರುತ್ತದೆ ಎಂದು ನನಗೆ ಯಾರೂ ತಿಳಿಸಿ ಹೇಳಬೇಕಾಗಿಲ್ಲ. ಅದಕ್ಕೇ ನಿಮ್ಮ ಮೇಲೆ ಕೋಪ ಮಾಡಿಕೊಳ್ಳಲು ನನಗೆ ಆಗುತ್ತಿಲ್ಲ.

ಕೀಲಿ ಕಳಿಸಬೇಡಿ. ನಿಮ್ಮ ಹತ್ತಿರವೇ ಇರಲಿ.

ಹೊಲಿಗೆಯವಳು